ನಡುಮನೆಗೆ ಎತ್ತರದ ಕಿಟಕಿ

ವಿಜಯಪುರದ ಹಳೆ ಓಣಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿವೆ. ಎರಡೂ ಬದಿ ಪಕ್ಕದವರ ಗೋಡೆ, ನಡುಮನೆಗೆ ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್. ಮಣ್ಣಿನ ಮಾಳಿಗೆಯ ಕಾಲದಲ್ಲಿ ಬೆಳಕಿಂಡಿ ಇತ್ತು. ನಮ್ಮಜ್ಜಿ ಅದರ ಕೆಳಗೇ ಕೂತು ಜೋಳ ಹಸನು ಮಾಡುತ್ತಿದ್ದಳು. ಬಿಸಿಲಿನ ಚಕ್ಕೆ ಸರಿದಂತೆ ಮೊರ ಹಿಡಿದು ತಾನೂ ಸರಿಯುತ್ತಿದ್ದಳು. ಗುಡುಗಿದರೆ ಮಾಳಿಗೆ ಹತ್ತಿ ತಗಡು ಮುಚ್ಚುವ ಕೆಲಸ ನನ್ನದು.

ಆ ಓಡಾಟ ತಪ್ಪಬೇಕೆಂದರೆ ನಡುಮನೆಯ ಸೂರನ್ನಷ್ಟೇ ಸುತ್ತಲಿನ ಮಾಳಿಗೆಗಿಂತ ಮೂರೂವರೆ ಅಡಿ ಎತ್ತರಿಸಿ, ಮೇಲೆದ್ದ ಗೋಡೆಯಲ್ಲಿ ಕಿಟಕಿ ಇಡಬೇಕು. ಎಂಜಿನಿಯರುಗಳ ಬಾಯಲ್ಲಿ ಇದು ಕ್ಲಿಯರ್‌ಸ್ಟೋರಿ. ಈಜಿಪ್ಟಿನ ಕಾರ್ನಾಕ್ ದೇವಾಲಯದಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದೆ ಇದನ್ನೇ ಮಾಡಿದ್ದರು: ನಡುಸಾಲಿನ ಕಂಬ ಎತ್ತರ, ಪಕ್ಕದವು ಗಿಡ್ಡ, ನಡುವೆ ಉಳಿದ ಎತ್ತರದಲ್ಲಿ ಕಲ್ಲಿನ ಜಾಲಂಧ್ರ. ಮಣ್ಣಿನ ಮಾಳಿಗೆ ಇಳಿಸಿ ಹೊಸದಾಗಿ ಕಟ್ಟುವವರಿಗೆ ಇದು ಸಲೀಸು. ಸ್ಲ್ಯಾಬ್ ಆಗಲೇ ಬಿದ್ದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸದೆ ಒಡೆಸಬೇಡಿ.

ಮೊದಲು ದಿಕ್ಕು ಗೊತ್ತು ಮಾಡಿಕೊಳ್ಳಿ. ಮಾಳಿಗೆ ಮೇಲೆ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿ. ಹನ್ನೆರಡೂವರೆ ಆಸುಪಾಸು ನೆರಳು ತೀರಾ ಗಿಡ್ಡವಾದಾಗ ಅದು ಉತ್ತರಕ್ಕೆ ಬಿದ್ದಿರುತ್ತದೆ. ಆದರೆ ನಮ್ಮೂರಿನ ಅಕ್ಷಾಂಶ ಸುಮಾರು 16.8 ಡಿಗ್ರಿ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದ ತನಕ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ, ನೆರಳು ದಕ್ಷಿಣಕ್ಕೆ. ಆ ದಿನಗಳಲ್ಲಿ ಕೋಲು ನಂಬಿದರೆ ಕಿಟಕಿ ಉಲ್ಟಾ.

ಕಿಟಕಿ ಉತ್ತರಕ್ಕೇ ಇರಲಿ. “ಉತ್ತರಕ್ಕಿಟ್ರ ಬಿಸಲು ಬೀಳಂಗಿಲ್ರಿ” ಎಂದು ಗೌಂಡಿ ತಕರಾರು ತೆಗೆಯಬಹುದು. ಬೀಳದಿರಲಿ ಎಂದೇ ಅಲ್ಲಿಡುವುದು. ನಮಗೆ ಬೇಕಾದ್ದು ಆಕಾಶದ ಬೆಳಕು, ಬಿಸಿಲಲ್ಲ. ಬೇಸಿಗೆಯ ಬೆಳಗು ಸಂಜೆ ಓರೆಯಾಗಿ ನುಗ್ಗುವ ಬಿಸಿಲಿಗೆ ಕಿಟಕಿಯ ಎರಡೂ ಬದಿ ಒಂದಡಿ ಅಡ್ಡಗೋಡೆ ಸಾಕು. ದಕ್ಷಿಣವೇ ಗತಿಯಾದರೆ ಎರಡಡಿ ಗಾಜಿಗೆ ಒಂದೂವರೆ ಅಡಿ ಛಜ್ಜಾ ಹಾಕಿಸಿ; ನವೆಂಬರ್ ಕೊನೆಯಿಂದ ಜನವರಿ ತನಕ ಬಿಟ್ಟರೆ ನಡುಹಗಲ ಬಿಸಿಲು ಗಾಜು ಮುಟ್ಟದು. ಪಶ್ಚಿಮ ಮಾತ್ರ ಬೇಡ. ಇಳಿಬಿಸಿಲು ಛಜ್ಜಾದ ಕೆಳಗಿಂದಲೇ ನುಸುಳುತ್ತದೆ. ನಾನು ಪಶ್ಚಿಮಕ್ಕಿಟ್ಟು, ಮೇ ತಿಂಗಳಲ್ಲಿ ಗಾಜಿಗೆ ಗೋಣಿಚೀಲ ಕಟ್ಟಿದವನು.

ಇನ್ನು ಮಳೆ. ಕಿಟಕಿಯ ಕೆಳಅಂಚು ಪಕ್ಕದ ಮಾಳಿಗೆಯಿಂದ ಒಂದಡಿ ಮೇಲಿರಬೇಕು, ಇಲ್ಲದಿದ್ದರೆ ಸಿಡಿದ ನೀರು ಒಳಗೆ. ಅಂಚು ಹೊರಕ್ಕೆ ಇಳಿಜಾರಾಗಿರಲಿ. ಛಜ್ಜಾದ ತಳದಲ್ಲಿ, ಹೊರತುದಿಯ ಹತ್ತಿರ ಉದ್ದಕ್ಕೂ ಬೆರಳಗಲದ ಗೀರು ಬಿಡಿಸಿ. ನೀರು ಗೋಡೆಯತ್ತ ಹರಿದು ಬರದೆ ಅಲ್ಲೇ ತೊಟ್ಟಿಕ್ಕುತ್ತದೆ. ಗಿಲಾವು ಆದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಒಳಗೆ ಸೂರಿಗೂ ಎದುರು ಗೋಡೆಗೂ ಬಿಳಿ ಸುಣ್ಣ. ಕಿಟಕಿಯ ಒಂದು ಪಾಲಾದರೂ ತೆರೆಯುವಂತಿದ್ದರೆ ಮೇಲೇರಿದ ಬಿಸಿಗಾಳಿ ಹೊರಹೋಗುತ್ತದೆ. ಕೆಳಗಿಂದಲೇ ಎಳೆಯಲು ಹಗ್ಗ ಕಟ್ಟಿ. ಹೊರಗಡೆ ಜಾಳಿಗೆ ಬೇಕೇ ಬೇಕು. ಒಂದು ವಾರ ತಡಮಾಡಿದ್ದಕ್ಕೆ ನಮ್ಮಲ್ಲಿ ಪಾರಿವಾಳ ಎರಡು ಮೊಟ್ಟೆ ಇಟ್ಟು, ಮರಿ ಹಾರುವವರೆಗೂ ಕಿಟಕಿ ಮುಚ್ಚಲು ಅಮ್ಮ ಬಿಡಲಿಲ್ಲ.