ಎನ್‌ಎ ಹಾಕಿದ ಮೇಲೆ ಕಣ ಬಿಟ್ಟುಕೊಂಡವು: ಬೆಳಗಾವಿ ಲ್ಯಾಬಿನ ನನ್ನ ಅನುಭವ

ಇನ್‌ಫ್ಲುಯೆಂಜಾ (ಫ್ಲೂ) ವೈರಸ್‌ನ ವಿಎಲ್‌ಪಿ, ಅಂದರೆ ವೈರಸ್‌ನಂತೆಯೇ ಕಾಣುವ ಆದರೆ ಒಳಗೆ ಅದರ ಆರ್‌ಎನ್‌ಎ ಇಲ್ಲದ ಖಾಲಿ ಕಣ, ಮಾಡಲು ಹೋಗಿ ಎಂಟು ತಿಂಗಳು ಕಳೆದೆ. ಈಗ ಬೆಳಗಾವಿಯ ನಮ್ಮ ಪುಟ್ಟ ಲ್ಯಾಬಿನಲ್ಲೇ ವಾರಕ್ಕೊಂದು ಬ್ಯಾಚ್ ತೆಗೆಯುತ್ತಿದ್ದೇನೆ.

ವೈರಸ್‌ನ ಒಳಪದರ ಕಟ್ಟುವುದು ಎಂ1 ಪ್ರೋಟೀನ್, ಅದರ ಪ್ಲಾಸ್ಮಿಡ್ಡನ್ನೇ (ಜೀನ್ ಹೊತ್ತ ಡಿಎನ್‌ಎ ಉಂಗುರ) ಕೋಶಗಳಿಗೆ ಜಾಸ್ತಿ ಹಾಕು ಅಂತ ಎಲ್ಲರೂ ಹೇಳುತ್ತಿದ್ದರು. ಹಾಕಿದೆ. ಪ್ರೋಟೀನ್ ಪತ್ತೆ ಹಚ್ಚುವ ಬ್ಲಾಟ್‌ನಲ್ಲಿ 293ಟಿ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶ) ಕೋಶಗಳ ಒಳಗೆ ದಪ್ಪ ಬ್ಯಾಂಡ್, ಅವು ಬೆಳೆಯುವ ಮೀಡಿಯಂನಲ್ಲಿ ಏನೂ ಇಲ್ಲ. ಟ್ರಾನ್ಸ್‌ಫೆಕ್ಷನ್, ಅಂದರೆ ಕೋಶದೊಳಗೆ ಡಿಎನ್‌ಎ ಸೇರಿಸುವುದು, ಸರಿ ಇಲ್ಲವೇನೋ ಅಂತ ಸುಮಾರು 40 ಸಾವಿರ ಕೊಟ್ಟು ಹೆಸರಾಂತ ರೀಏಜೆಂಟ್ ತರಿಸಿದೆ. ಅದೂ ದಂಡ. ಈಗ ಅದೇ ಕೆಲಸಕ್ಕೆ ಪಿಇಐ ಎಂಬ ಪಾಲಿಮರ್ ಪುಡಿಯೇ ಸಾಕಾಗಿದೆ, ಎರಡು ವರ್ಷವಾದರೂ ಡಬ್ಬಿ ಮುಗಿದಿಲ್ಲ.

ಆಮೇಲೆ ಎಂ1 ಬಿಟ್ಟು ಬರೀ ಎಚ್‌ಎ, ಅಂದರೆ ವೈರಸ್ ಕೋಶಕ್ಕೆ ಅಂಟಿಕೊಳ್ಳಲು ಬಳಸುವ ಮುಳ್ಳಿನ ಪ್ರೋಟೀನ್, ಹಾಕಿದೆ. ಹಿರಿಯ ಸರ್ ಒಬ್ಬರು, 'ಎಂ1 ಇಲ್ಲದ ಕಣ ಹೆಂಗ ಆಗತೈತಿ? ಸುಮ್ನ ರೊಕ್ಕ ಹಾಳ ಮಾಡಬ್ಯಾಡ' ಅಂದರು. ಎಚ್‌ಎ ಟೈಟರ್ (ಎಷ್ಟು ಪಟ್ಟು ತೆಳು ಮಾಡಿದರೂ ಕಣಗಳು ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತವೆ ಎಂಬ ಅಳತೆ) ಬಂದದ್ದು ಬರೀ 2. ಆದರೆ ಅದೇ ಕೋಶಗಳಿಗೆ ಬ್ಯಾಕ್ಟೀರಿಯಾದ ನ್ಯೂರಮಿನಿಡೇಸ್ ಎಂಬ, ಸಯಾಲಿಕ್ ಆಮ್ಲ ಕತ್ತರಿಸುವ ಕಿಣ್ವ ಹಾಕಿ ಇಟ್ಟರೆ ಟೈಟರ್ 32ಕ್ಕೆ ಏರಿತು! ಕಣಗಳು ಮೊದಲೇ ಹುಟ್ಟಿದ್ದವು. ಹುಟ್ಟಿದ ಕೋಶದ ಮೇಲ್ಮೈಯಲ್ಲಿರುವ ಸಯಾಲಿಕ್ ಆಮ್ಲವನ್ನೇ (ಒಂದು ಬಗೆಯ ಸಕ್ಕರೆ) ಎಚ್‌ಎ ಹಿಡಿದುಕೊಂಡು ಬಿಡುತ್ತಿರಲಿಲ್ಲ. 2007ರಲ್ಲೇ ವೈರಸ್ ವಿಜ್ಞಾನಿ ರಾಬರ್ಟ್ ಲ್ಯಾಂಬ್ ಅವರ ತಂಡ ಪ್ಲಾಸ್ಮಿಡ್‌ಗಳಿಂದ ಇದನ್ನು ತೋರಿಸಿತ್ತು: ಕಣ ಮೊಳೆತು ಹೊರಬರಲು ಬೇಕಾದದ್ದು ಎಚ್‌ಎ ಮತ್ತು ಎನ್‌ಎ (ವೈರಸ್‌ನದೇ ನ್ಯೂರಮಿನಿಡೇಸ್), ಎಂ1 ಅಲ್ಲ. ನಾನು ಅದನ್ನು ಓದಿಯೂ ನಂಬಿರಲಿಲ್ಲ.

ಕಿಣ್ವ ಕೊಂಡು ಪೂರೈಸುವುದಿಲ್ಲ. ಎನ್‌ಎ ಪ್ಲಾಸ್ಮಿಡ್ಡನ್ನೇ ಸೇರಿಸಿದೆ, ಟೈಟರ್ 64, ಒಮ್ಮೊಮ್ಮೆ 128. ಎರಡರ ಪ್ರಮಾಣ ಎಷ್ಟು ಅಂತ ಇಲ್ಲಿ ಹೇಳುವುದಿಲ್ಲ. ಎನ್‌ಎ ಕಡಿಮೆ ಸಾಕು, ಅಷ್ಟೇ. ಎಂ1 ಆಮೇಲೆ ಸೇರಿಸಿದರೆ ಅದೂ ಕಣದೊಳಗೆ ಹೋಗಿ ಕೂರುತ್ತದೆ.

ಟೈಟರ್ ನೋಡುವಾಗ ಒಂದು ಪೆಟ್ಟು ತಿಂದಿದ್ದೇನೆ. ಆ ಪರೀಕ್ಷೆಗೆ ಬೇಕಾದ ರಕ್ತಕ್ಕೆ ಕೋಳಿ ಅಂಗಡಿಗೇ ಹೋಗುತ್ತೇನೆ. ಹೆಪ್ಪುಗಟ್ಟದಂತೆ ತಡೆಯುವ ಆಲ್ಸೆವರ್ ದ್ರಾವಣ ಹಾಕಿದ ಟ್ಯೂಬ್ ಕೈಯಲ್ಲೇ ಹಿಡಿದು ನಿಲ್ಲಬೇಕು, ತಡವಾದರೆ ಹೆಪ್ಪು. ರಕ್ತಕಣಗಳನ್ನು ಮೂರು ಸಲ ತೊಳೆದು 0.5%ಕ್ಕೆ ತೆಳು ಮಾಡುತ್ತೇನೆ. ಬೇಸಿಗೆಯಲ್ಲಿ ಒಮ್ಮೆ ಪರೀಕ್ಷೆಯ ತಟ್ಟೆಯನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋದೆ. ಹೋಗುವಾಗ ಅದರ ವೆಲ್ (ಗುಳಿ) ತುಂಬ ತೆಳು ಕೆಂಪು ಜಾಲರಿ ಹರಡಿತ್ತು, ಅಂದರೆ ರಕ್ತಕಣಗಳು ಒಂದಕ್ಕೊಂದು ಅಂಟಿದ್ದವು. ಬಂದು ನೋಡಿದರೆ ಎಲ್ಲ ತಳಕ್ಕೆ ಇಳಿದು ಪುಟ್ಟ ಕೆಂಪು ಚುಕ್ಕೆಗಳಾಗಿದ್ದವು. ಎನ್‌ಎ ತನ್ನ ಕೆಲಸ ಮಾಡಿ ಅಂಟು ಬಿಡಿಸಿತ್ತು, ಅಲ್ವಾ? ಅಂದಿನಿಂದ ತಟ್ಟೆ 4 ಡಿಗ್ರಿಯಲ್ಲಿ.

ಕಣಗಳನ್ನು ಒಟ್ಟುಗೂಡಿಸುವ ಅತಿವೇಗದ ಅಲ್ಟ್ರಾಸೆಂಟ್ರಿಫ್ಯೂಜ್ ನಮ್ಮಲ್ಲಿಲ್ಲ. ಪಿಇಜಿ (ಕಣಗಳನ್ನು ತಳಕ್ಕಿಳಿಸುವ ಪಾಲಿಮರ್) ಮತ್ತು ಉಪ್ಪು ಹಾಕಿ ರಾತ್ರಿಯಿಡೀ ತಣ್ಣಗಿಟ್ಟು ಸಾಮಾನ್ಯ ಸೆಂಟ್ರಿಫ್ಯೂಜ್‌ನಲ್ಲೇ ತಿರುಗಿಸುತ್ತೇನೆ. ಕಣಗಳನ್ನು ಅಂಟಿಸಿದ ಗ್ರಿಡ್‌ಗಳನ್ನು (ಪುಟ್ಟ ಲೋಹದ ಬಲೆ) ರಾಣಿ ಚೆನ್ನಮ್ಮ ರೈಲಿನಲ್ಲಿ ಬೆಂಗಳೂರಿಗೆ ಒಯ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿಸಿದೆ. 100 ನ್ಯಾನೋಮೀಟರ್ ಆಸುಪಾಸಿನ ಕಣ, ಸುತ್ತಲೂ ಮುಳ್ಳು. ಆ ಚಿತ್ರವನ್ನು ಸರ್‌ಗೆ ತೋರಿಸಿದೆ. ಅವರೇ ಅದನ್ನು ಲ್ಯಾಬಿನ ಗೋಡೆಗೆ ಅಂಟಿಸಿದರು.

ನಡುವೆ ಆಕಾರದ ಹುಚ್ಚೂ ಹಿಡಿದಿತ್ತು. 1972ರ ಉಡಾರ್ನ್ ಎಂಬ ಫ್ಲೂ ತಳಿ ಉದ್ದ ದಾರದಂತೆ ಬೆಳೆಯುತ್ತದೆ, 1934ರ ಪಿಆರ್8 ದುಂಡಗೆ. ವೈರಸ್‌ನಲ್ಲಿ ಈ ವ್ಯತ್ಯಾಸ ಹೆಚ್ಚಾಗಿ ಎಂ1ರಿಂದ. ಉಡಾರ್ನ್ ಎಂ1 ಹಾಕಿದರೂ ನನ್ನ ಗ್ರಿಡ್‌ನಲ್ಲಿ ದಾರ ಕಾಣಲಿಲ್ಲ. ಇನ್ನು ಎಂ2, ವೈರಸ್‌ನ ಇನ್ನೊಂದು ಪ್ರೋಟೀನ್. ವೈರಸ್‌ನಲ್ಲಿ, ಮೊಳೆತ ಕಣವನ್ನು ಕೋಶಕ್ಕೆ ಹಿಡಿದಿಟ್ಟ ಕತ್ತು ಕತ್ತರಿಸುವುದು ಎಂ2ರ ಬಾಲದ ಹೆಲಿಕ್ಸ್ (ಸುರುಳಿ ಭಾಗ). ಅದನ್ನು ಕೆಡಿಸಿದ ಪ್ಲಾಸ್ಮಿಡ್ ಈ ವಾರ ಬೆಳೆಸುತ್ತಿದ್ದೇನೆ.