ಬೆಳಕು ಚುಚ್ಚುತ್ತಿದೆಯಾ? ಕಪ್ಪು ಕನ್ನಡಕ ಹಾಕುವ ಮೊದಲು ಇದನ್ನು ನೋಡಿ

ಮೈಗ್ರೇನ್ ಬಂದ ದಿನ ಬಾಗಿಲ ಸಂದಿಯಿಂದ ಬರುವ ಒಂದು ಗೆರೆ ಬೆಳಕೂ ನನಗೆ ಬೇಡ. ಕಣ್ಣು ಮುಚ್ಚಿ ಮಲಗಿದರೂ ರೆಪ್ಪೆಯೊಳಗೆ ಕೆಂಪಗೆ ಕಾಣುತ್ತಲ್ಲ, ಅದೇ ತಲೆಯೊಳಗೆ ಕುಟ್ಟಿದ ಹಾಗಾಗುತ್ತದೆ. ವರ್ಷಗಟ್ಟಲೆ ಇದಕ್ಕೆ ನಾನು ಮಾಡಿಕೊಂಡಿದ್ದ ಉಪಾಯ ಒಂದೇ, ಕಡು ಕಪ್ಪು ಕೂಲಿಂಗ್ ಗ್ಲಾಸ್. ಮನೆಯೊಳಗೂ ಅದನ್ನೇ ಹಾಕುತ್ತಿದ್ದೆ. ಅದರಿಂದಲೇ ತೊಂದರೆ ಜಾಸ್ತಿ ಆಗುತ್ತಿತ್ತು ಅಂತ ಗೊತ್ತಾಗಲು ತುಂಬಾ ದಿನ ಬೇಕಾಯಿತು.

"ನನಗೆ ಬೆಳಕು ಆಗಲ್ಲ" ಅಂತ ಎಲ್ಲರೂ ಹೇಳುತ್ತೇವೆ. ಆದರೆ ಒಬ್ಬರಿಗೆ ನೋಯುವುದು ಕಣ್ಣು ಅಥವಾ ತಲೆ, ಇನ್ನೊಬ್ಬರಿಗೆ ಉರಿಯುವುದು ಚರ್ಮ, ಮತ್ತೊಬ್ಬರಿಗೆ ಮಿನುಗುವ ಬೆಳಕು ನೋಡಿದರೆ ಫಿಟ್ಸ್ ಬರುತ್ತದೆ. ಮೂರೂ ಬೇರೆ ಬೇರೆ, ಮದ್ದೂ ಬೇರೆ. ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ.

ಅದಕ್ಕೂ ಮೊದಲು ಅವಸರದ ಮಾತು. ಜ್ವರ, ಜೋರು ತಲೆನೋವು, ಕುತ್ತಿಗೆ ಬಗ್ಗಿಸಲು ಆಗದಷ್ಟು ಬಿಗಿತ, ಜೊತೆಗೆ ಬೆಳಕು ಆಗದಿದ್ದರೆ ಅದು ಮೆನಿಂಜೈಟಿಸ್ (ಮೆದುಳಿನ ಹೊದಿಕೆಯ ಉರಿಯೂತ) ಇರಬಹುದು, ಒಂದು ಗಂಟೆಯೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಸಿಡಿಲು ಹೊಡೆದ ಹಾಗೆ ಬಂದ ತಲೆನೋವಿಗೂ ಇದೇ ಮಾತು. ಕಣ್ಣು ಕೆಂಪಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡು, ವಾಂತಿಯೂ ಬಂದರೆ ಕಣ್ಣಿನ ಒತ್ತಡ ಏರಿರಬಹುದು. ತಡವಾದರೆ ದೃಷ್ಟಿಯೇ ಹೋಗುವ ಅಪಾಯ ಇದೆ.

ಒಂದೇ ಕಣ್ಣು ಕೆಂಪಾಗಿ ನೋಯುತ್ತಿದೆಯಾ? ಆ ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ. ಚೆನ್ನಾಗಿರುವ ಕಣ್ಣಿನಿಂದ ಬೆಳಕಿನ ಕಡೆ ನೋಡಿ. ಮುಚ್ಚಿದ ಕಣ್ಣು ಚಳಕ್ ಅಂದರೆ ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಉರಿಯೂತದ ಅನುಮಾನ ಬರುತ್ತದೆ. ಒಂದು ಕಣ್ಣಿಗೆ ಬೆಳಕು ಬಿದ್ದರೂ ಎರಡೂ ಪಾಪೆಗಳು ಕಿರಿದಾಗುತ್ತವೆ, ಊದಿಕೊಂಡ ಐರಿಸ್ ಆ ಎಳೆತಕ್ಕೇ ನೋಯುತ್ತದೆ. ನೋಯಲಿಲ್ಲ ಅಂದ ಮಾತ್ರಕ್ಕೆ ಸುಮ್ನೆ ಕೂರಬೇಡಿ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೆ ಗೀರು ಅಥವಾ ಸೋಂಕು ಇದ್ದರೂ ಬೆಳಕು ಆಗುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ಕ್ಷಣವೇ ತೆಗೆದಿಡಿ. ದಯವಿಟ್ಟು ಮನೆಯಲ್ಲಿ ಉಳಿದಿರುವ ಹಳೆಯ ಡ್ರಾಪ್ಸ್ ಮಾತ್ರ ಹಾಕಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದು, ನಿಮ್ಮದು ಹರ್ಪಿಸ್ ವೈರಸ್ ಸೋಂಕಾಗಿದ್ದರೆ ಕಣ್ಣು ಹಾಳಾಗಬಹುದು.

ಕಣ್ಣು ಕೆಂಪಿಲ್ಲ, ಎರಡೂ ಕಣ್ಣಿಗೆ ಬೆಳಕು ಚುಚ್ಚುತ್ತದೆ, ದಿನವೂ ಇದೇ ಗೋಳು ಅನ್ನುವವರಲ್ಲಿ ಸಾಮಾನ್ಯವಾಗಿ ಸಿಗುವ ಕಾರಣ ಒಣಗಣ್ಣು ಅಥವಾ ಮೈಗ್ರೇನ್. ತಲೆಗೆ ಪೆಟ್ಟು ಬಿದ್ದ ಮೇಲೆಯೂ ಹೀಗಾಗುತ್ತದೆ. ಮಗು ಹುಟ್ಟಿದಾಗಿನಿಂದಲೇ ಬೆಳಕಿಗೆ ಕಣ್ಣು ಬಿಡುತ್ತಿಲ್ಲ, ನೀರು ಸುರಿಯುತ್ತದೆ ಅಂದರೆ ಹುಟ್ಟು ಗ್ಲಾಕೋಮಾ (ಕಣ್ಣಿನ ಒತ್ತಡ ಏರುವ ಕಾಯಿಲೆ) ಇದೆಯಾ ಅಂತ ಬೇಗ ತೋರಿಸಬೇಕು.

ಈಗ ಕೂಲಿಂಗ್ ಗ್ಲಾಸ್ ವಿಷಯ. ಬಿಸಿಲಿಗೆ ಹಾಕಿ, ತಪ್ಪಿಲ್ಲ. ಮನೆಯೊಳಗೆ ದಿನವಿಡೀ ಹಾಕಿದರೆ ಕಣ್ಣು ಕತ್ತಲಿಗೆ ಒಗ್ಗಿಕೊಳ್ಳುತ್ತದೆ, ಆಮೇಲೆ ಸಾಮಾನ್ಯ ಟ್ಯೂಬ್‌ಲೈಟೂ ಸುಡುವ ಹಾಗೆ ಕಾಣುತ್ತದೆ. ಒಮ್ಮೆಲೇ ಬಿಡಲು ಹೋಗಬೇಡಿ. ನಾನು ಮೊದಲ ವಾರ ಬೆಳಿಗ್ಗೆ ಹತ್ತು ನಿಮಿಷ ತೆಗೆದಿಟ್ಟೆ, ಕಿಟಕಿಗೆ ಬೆನ್ನು ಹಾಕಿ ಕೂತು, ಕರ್ಟನ್ ಅರ್ಧ ಎಳೆದು. ಆಮೇಲೆ ಇಪ್ಪತ್ತು ನಿಮಿಷ, ಆಮೇಲೆ ಅರ್ಧ ಗಂಟೆ. ತಲೆನೋವು ಬಂದ ದಿನ ಮಾತ್ರ ಒತ್ತಾಯ ಮಾಡಿಕೊಳ್ಳಲಿಲ್ಲ.

ಕಪ್ಪಿನ ಬದಲು ಎಫ್‌ಎಲ್-41 ಅನ್ನುವ ಗುಲಾಬಿ ಛಾಯೆಯ ಗ್ಲಾಸ್ ಕೇಳಿ ನೋಡಿ. ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಮೆಲನಾಪ್ಸಿನ್ ಅನ್ನುವ, ಬೆಳಕು ಗ್ರಹಿಸುವ ವಸ್ತು ಇರುವ ಕೆಲವು ಜೀವಕೋಶಗಳಿವೆ, ಅವು ಸುಮಾರು 480 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕಿಗೆ ಜಾಸ್ತಿ ಸ್ಪಂದಿಸುತ್ತವೆ. ಮೈಗ್ರೇನ್ ನೋವಿನ ದಾರಿಗೂ ಇವಕ್ಕೂ ನಂಟಿದೆ. ದೃಷ್ಟಿ ಹೋಗಿ ಬೆಳಕಿನ ಅರಿವು ಮಾತ್ರ ಉಳಿದಿರುವ ಮೈಗ್ರೇನ್ ರೋಗಿಗಳಿಗೂ ಬೆಳಕು ನೋವು ಕೊಡುತ್ತದೆ, ನನಗಂತೂ ಇದನ್ನು ಓದಿದಾಗ ಆಶ್ಚರ್ಯವಾಯಿತು. ಬೆಳಕಿನ ಆ ನೀಲಿ-ಹಸಿರು ಪಟ್ಟಿಯನ್ನು ಈ ಗ್ಲಾಸ್ ಬಹುಮಟ್ಟಿಗೆ ತಡೆಯುತ್ತದೆ, ಉಳಿದ ಬೆಳಕನ್ನು ಬಿಡುತ್ತದೆ. ಎಲ್ಲರಿಗೂ ಕೆಲಸ ಮಾಡುತ್ತೆ ಅಂತ ಹೇಳಲಾರೆ, ಆದರೆ ಪ್ರಯತ್ನಿಸಲು ಯೋಗ್ಯ. ಒಣಗಣ್ಣು ಇದ್ದರೆ ಅದಕ್ಕೂ ಜೊತೆಗೇ ಚಿಕಿತ್ಸೆ ಮಾಡಿಸಿ, ಇಲ್ಲದಿದ್ದರೆ ಯಾವ ಗ್ಲಾಸ್ ಹಾಕಿದರೂ ಪ್ರಯೋಜನ ಕಡಿಮೆ.

ಚರ್ಮದ ತೊಂದರೆ ಇರುವವರು ಮೊದಲು ತಮ್ಮ ಮಾತ್ರೆಗಳ ಪಟ್ಟಿ ನೋಡಿ. ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಮತ್ತು ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಿಯಾಝೈಡ್ ತೆಗೆದುಕೊಳ್ಳುವಾಗ ಸ್ವಲ್ಪ ಬಿಸಿಲಿಗೂ ಚರ್ಮ ಸುಡಬಹುದು. ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಬಿಸಿಲಿಗೆ ಹೋಗಿ ಬಂದಾಗಲೆಲ್ಲ ಕೆನ್ನೆ ಕೆಂಪೇರಿ ಕೀಲು ನೋವೂ ಬಂದರೆ ಲ್ಯೂಪಸ್ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ದಾಳಿ ಮಾಡುವ ಕಾಯಿಲೆ) ಪರೀಕ್ಷೆ ಬೇಕಾಗುತ್ತದೆ. ಕಿಟಕಿಯ ಗಾಜು ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಯುವಿಬಿ ತಡೆದರೂ ಯುವಿಎ ಬಹಳಷ್ಟು ಒಳಗೆ ಬರುತ್ತದೆ, ಹಾಗಾಗಿ ಒಳಗಿದ್ದೇನೆ ಅಂತ ಧೈರ್ಯ ಬೇಡ. ಪ್ರೋಟೋಪೋರ್ಫಿರಿಯಾ ಅನ್ನುವ ಅಪರೂಪದ ಕಾಯಿಲೆಯಲ್ಲಿ ಕಣ್ಣಿಗೆ ಕಾಣುವ ಬೆಳಕೇ ಚರ್ಮವನ್ನು ಸುಡುತ್ತದೆ. ಮೇಲೆ ಗುಳ್ಳೆಯೇ ಇರುವುದಿಲ್ಲ, ಮಗು ಮಾತ್ರ ಅಳುತ್ತಾ ಕೈಯನ್ನು ತಣ್ಣೀರಲ್ಲಿ ಅದ್ದುತ್ತದೆ. ನಾಟಕ ಅಂತ ಗದರಿಸಬೇಡಿ. ಮಾಮೂಲಿ ಸನ್‌ಸ್ಕ್ರೀನ್ ಇಲ್ಲಿ ಸಾಲದು, ಉದ್ದ ತೋಳಿನ ದಪ್ಪ ಬಟ್ಟೆಯೇ ಆಸರೆ.

ಫಿಟ್ಸ್ ವಿಷಯದಲ್ಲಿ ಒಂದು ಸಂಗತಿ ನೆನಪಿಡಿ. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಟಿವಿ ಕಾರ್ಟೂನ್ ಒಂದರ ಕೆಂಪು-ನೀಲಿ ಮಿನುಗು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದರು. ಈ ತೊಂದರೆ ಇರುವವರು ಮಿನುಗುವ ಬೆಳಕು ಎದುರಾದರೆ ಕಣ್ಣು ಮುಚ್ಚಿದರೆ ಸಾಲದು, ರೆಪ್ಪೆಯ ಮೂಲಕವೂ ಬೆಳಕು ಒಳಗೆ ಹೋಗುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಿ.

ಡಾಕ್ಟರ ಹತ್ತಿರ ಹೋಗುವ ಮೊದಲು ಒಂದು ವಾರ ಬರೆದಿಡಿ. ಯಾವ ಬೆಳಕು, ಎಷ್ಟು ಹೊತ್ತಿಗೆ, ಒಂದು ಕಣ್ಣಾ ಎರಡಾ, ಅವತ್ತು ಯಾವ ಮಾತ್ರೆ, ನಿದ್ದೆ ಎಷ್ಟು. ನನ್ನ ಪುಸ್ತಕದಲ್ಲಿ "ಮಂಗಳವಾರ, ಮೂರು ಗಂಟೆ, ಎರಡೂ ಕಣ್ಣು, ಕಂಪ್ಯೂಟರ್ ಮುಂದೆ ಐದು ತಾಸು, ಕಣ್ಣಲ್ಲಿ ಮರಳು ಬಿದ್ದ ಹಾಗೆ" ಅಂತ ಒಂದು ಸಾಲಿತ್ತು. ಡಾಕ್ಟರು ಅದನ್ನು ಓದಿಯೇ ಒಣಗಣ್ಣಿನ ಪರೀಕ್ಷೆ ಬರೆದರು.