ಉಪ್ಪು ಮೊದಲು, ಕೋಡು ಕಿವಿ ಆಮೇಲೆ

ಕಲ್ಪಿತ ಲೋಕಕ್ಕೆ ಜನಾಂಗ ಕಟ್ಟಲು ಕೂತವರು ಸಾಮಾನ್ಯವಾಗಿ ಕಿವಿಯ ಆಕಾರ, ಮೈಬಣ್ಣ, ಆಯಸ್ಸು ಇವುಗಳಿಂದ ಶುರು ಮಾಡುತ್ತಾರೆ. ನಾನು ಅದನ್ನೆಲ್ಲ ಕಡೆಗೆ ಇಟ್ಟುಕೊಳ್ಳುತ್ತೇನೆ. ಮೊದಲ ಪುಟದಲ್ಲಿ ಇರುವುದು ಒಂದೇ ಪ್ರಶ್ನೆ: ಈ ಜನರ ಹತ್ತಿರ ಏನಿಲ್ಲ? ಇಲ್ಲದ್ದನ್ನು ಯಾರಿಂದ ತರುತ್ತಾರೆ, ಬದಲಿಗೆ ಏನು ಕೊಡುತ್ತಾರೆ ಎಂಬುದು ಗೊತ್ತಾದರೆ ದೇವರು, ಜಗಳ, ಮದುವೆ, ಬೈಗುಳ ಎಲ್ಲವೂ ಅದರ ಬೆನ್ನಿಗೇ ಬರುತ್ತವೆ.

ನಕ್ಷೆಗೆ ನಮ್ಮ ಘಟ್ಟವೇ ಸಾಕು. ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿ.ಮೀ. ದಾಟಿ ಮಳೆ, ಶಿವಮೊಗ್ಗ ಪೇಟೆಯಲ್ಲಿ ಸಾಮಾನ್ಯವಾಗಿ ೧,೦೦೦ದ ಒಳಗೆ. ನಡುವೆ ಇರುವುದು ಸುಮಾರು ೯೦ ಕಿ.ಮೀ. ರಸ್ತೆ. ಆದ್ದರಿಂದ ಜನಾಂಗ ಬೇರೆಯಾಗಲು ಸಾವಿರ ಹರದಾರಿ ದೂರ ಬೇಕಿಲ್ಲ, ಒಂದು ಗುಡ್ಡದ ಸಾಲು ಮತ್ತು ಗಾಳಿಯ ದಿಕ್ಕು ಸಾಕು. ನನ್ನ ಲೋಕದಲ್ಲಿ ಪಡುವಣ ತಪ್ಪಲಿನ ನದೀಮುಖದಲ್ಲಿ ಅಳಿವೆಯವರು, ಘಟ್ಟದ ನೆತ್ತಿಯಲ್ಲಿ ಜಡಿಯರು, ಮಳೆ ಬತ್ತಿದ ಮೂಡಣದಲ್ಲಿ ಕೆರೆಯರು. ಜಡಿಯರಿಗೆ ಉಪ್ಪಿಲ್ಲ, ಕೆರೆಯರಿಗೆ ಮರವಿಲ್ಲ, ಅಳಿವೆಯವರಿಗೆ ಮೆಣಸಿಲ್ಲ.

ಇನ್ನು ಲೆಕ್ಕ. ಇಲ್ಲಿ ಸೋಮಾರಿತನ ಮಾಡಿದರೆ ಮುಂದೆ ಕಥೆ ಕುಸಿಯುತ್ತದೆ. ಜಡಿಯರ ಒಂದು ಊರಿಗೆ ೪೦ ಮನೆ, ಮನೆಗೆ ಆರು ಜನ ಎಂದರೆ ೨೪೦ ತಲೆ. ತಲೆಗೆ ವರ್ಷಕ್ಕೆ ೧೬೦ ಕೆ.ಜಿ. ಅಕ್ಕಿ ಹಿಡಿದರೆ ೩೮,೪೦೦ ಕೆ.ಜಿ. ರಾಸಾಯನಿಕ ಗೊಬ್ಬರವಿಲ್ಲದ ಒಂದು ಬೆಳೆಯ ಗದ್ದೆಗೆ ಎಕರೆಗೆ ೪೦೦ ಕೆ.ಜಿ. ಅಕ್ಕಿ ಎಂದು ಇಟ್ಟುಕೊಳ್ಳುತ್ತೇನೆ. ೯೬ ಎಕರೆ ಬೇಕಾಯಿತು. ಬಿತ್ತನೆಗೆ, ಇಲಿಗೆ, ಮುಗ್ಗಲಿಗೆ ಇನ್ನೊಂದು ೨೦ ಎಕರೆ. ಕಡಿದಾದ ಗುಡ್ಡದ ಸಂದಿಯಲ್ಲಿ ಅಷ್ಟು ಗದ್ದೆ ಒಂದೇ ಕಡೆ ಸಿಗುವುದಿಲ್ಲ. ಹಾಗಾಗಿ ಜಡಿಯರ ಊರು ಎಂದರೆ ಒತ್ತಾಗಿ ಕೂತ ಮನೆಗಳಲ್ಲ, ಕಣಿವೆಗೆ ಎರಡರಂತೆ ಚದುರಿದ ಒಂಟಿಮನೆಗಳು. ಅವರಲ್ಲಿ ದೊಡ್ಡ ಸೈನ್ಯವೂ ಇರಲಾರದು. ‘ಬೆಟ್ಟದಿಂದ ಲಕ್ಷ ಯೋಧರು ಇಳಿದು ಬಂದರು’ ಎಂದು ಬರೆಯುವವರು ಅವರಿಗೆ ಗಂಜಿ ಕಾಯಿಸಿದ್ದು ಯಾರು ಎಂದೂ ಹೇಳಬೇಕು.

ಉಪ್ಪಿನದೂ ಹೀಗೇ. ತಲೆಗೆ ೫ ಕೆ.ಜಿ.ಯಂತೆ ೧,೨೦೦, ಮಿಡಿ ಉಪ್ಪಿನಕಾಯಿಗೆ, ದನಕ್ಕೆ ಸೇರಿಸಿ ದುಪ್ಪಟ್ಟು, ೨,೪೦೦ ಕೆ.ಜಿ. ಒಂದು ಹೇರೆತ್ತಿಗೆ ೮೦ ಕೆ.ಜಿ. ಹೊರೆ ಎಂದರೆ ೩೦ ಎತ್ತು. ಮೃಗಶಿರಾ ಮಳೆ ಹಿಡಿಯುವ ಮೊದಲೇ ಅವು ಘಟ್ಟ ಹತ್ತಿ ಮುಗಿಸಬೇಕು. ಆಮೇಲೆ ನಾಲ್ಕು ತಿಂಗಳು ದಾರಿ ಬಂದ್. ಈಗ ಸಂಸ್ಕೃತಿ ತಾನಾಗಿ ಕಾಣತೊಡಗುತ್ತದೆ. ಉಪ್ಪು ತುಂಬಿಡುವ ಮರದ ಪಾತ್ರೆ (ಮರಿಗೆ) ಇರುವ ಜಾಗವೇ ಮನೆಯಲ್ಲಿ ಪವಿತ್ರ, ಸೊಸೆಗೆ ಅಧಿಕಾರ ಸಿಗುವುದು ಅದರ ಮುಚ್ಚಳ ಕೈಗೆ ಬಂದ ದಿನ. ಸಾಲ ತೀರಿಸಲು ಗಡುವು ‘ಘಟ್ಟ ಮುಚ್ಚುವ ಮುಂಚೆ’. ಘಟ್ಟದ ದಾರಿಯಲ್ಲಿ ಸುಂಕದ ಕಟ್ಟೆ ಹಾಕಿದವನೇ ದೊರೆ. ಕಾಳುಮೆಣಸಿನ ವ್ಯಾಪಾರದ ಬಲದಿಂದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ನೆನಪಿದ್ದರೆ ಇದು ಅತಿಶಯವೆನ್ನಿಸುವುದಿಲ್ಲ.

ಯುದ್ಧಕ್ಕೆ ಕಾರಣ ಹುಡುಕುವಾಗಲೂ ಚಿನ್ನ, ಮಾಯಾಮಣಿಗಳ ತನಕ ಹೋಗುವುದಿಲ್ಲ. ಅಡಿಕೆ ತೋಟಕ್ಕೆ ಗೊಬ್ಬರವಾಗಿ ಸೊಪ್ಪು, ದರಗು (ಉದುರಿದ ಒಣ ಎಲೆ) ಬೇಕು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ತರುವ ಕಾಡು, ಬಿಟ್ಟುಕೊಟ್ಟ ಪದ್ಧತಿಯಿದೆ. ಅಂದರೆ ತೋಟ ಎಷ್ಟು ಹಿಗ್ಗಬಹುದು ಎಂಬುದನ್ನು ಕಾಡೇ ತೀರ್ಮಾನಿಸುತ್ತದೆ. ನನ್ನ ಜಡಿಯರು ಮೂರು ತಲೆಮಾರು ಹೊಡೆದಾಡುವುದು ಒಣಗಿದ ಎಲೆಗೆ. ಹೊರಗಿನವರಿಗೆ ನಗು, ಅವರಿಗೆ ಪ್ರಾಣ.

ಈಗ ದೇಹಕ್ಕೆ ಬರಬಹುದು. ನನ್ನ ನಿಯಮ: ಪ್ರತಿ ವಿಶೇಷಕ್ಕೂ ಒಂದು ಬೆಲೆ. ಜಡಿಯರ ಚರ್ಮ ತೇವದಲ್ಲೇ ಉಸಿರಾಡುತ್ತದೆ, ಸರಿ. ಹಾಗಾದರೆ ಮಾಘದಿಂದ ವೈಶಾಖದವರೆಗೆ ಅವರು ಕೆರೆಯರ ಸಂತೆಗೆ ಹೋಗಲಾರರು, ದಲ್ಲಾಳಿಗಳು ಹುಟ್ಟುತ್ತಾರೆ. ಅತಿ ಹೆಚ್ಚು ಎಡವಟ್ಟಾಗುವುದು ಆಯಸ್ಸಿನಲ್ಲಿ. ೩೦೦ ವರ್ಷ ಬದುಕುವ ಹೆಂಗಸಿಗೆ ನೂರು ವರ್ಷ ಹೆರುವ ಕಾಲ, ಎರಡು ವರ್ಷಕ್ಕೊಂದು ಮಗು ಎಂದರೆ ೫೦ ಮಕ್ಕಳು. ಎರಡೇ ತಲೆಮಾರಿಗೆ ಘಟ್ಟ ತುಂಬಿಹೋಯಿತು. ಹಾಗಾಗಿ ಹೆರಿಗೆಯ ಅಂತರವನ್ನು ೪೦ ವರ್ಷಕ್ಕೆ ಎಳೆಯಬೇಕು. ಎಳೆದರೂ ಅಪ್ಪ ಸಾಯಲೆಂದು ಮಗ ಇನ್ನೂರು ವರ್ಷ ಕಾಯಬೇಕಾಗುತ್ತದೆ, ಆಸ್ತಿಯ ಕಾನೂನೇ ಬದಲಾಗಬೇಕು. ಆಸ್ತಿ ಸೋದರಮಾವನಿಂದ ಅಳಿಯನಿಗೆ ಇಳಿಯುತ್ತಿದ್ದ ತುಳುನಾಡಿನ ಅಳಿಯಸಂತಾನ ಇಲ್ಲಿ ಒಳ್ಳೆಯ ಪಾಠ: ಆಸ್ತಿ ಅಪ್ಪನಿಂದ ಮಗನಿಗೇ ಇಳಿಯಬೇಕೆಂಬ ನಿಯಮವಿಲ್ಲ. ನಾನು ತೋಟವನ್ನು ಗಿಡದ ಆಯಸ್ಸಿಗೆ ಕಟ್ಟಿದೆ. ಒಮ್ಮೆಗೆ ನೆಟ್ಟ ಅಡಿಕೆ ಮರಗಳು ಮುದಿಯಾದಾಗ ತೋಟದ ಯಜಮಾನನೂ ಇಳಿಯಬೇಕು, ಹೊಸ ಸಸಿ ನೆಟ್ಟವನು ಹೊಸ ಯಜಮಾನ.

ಹೆಸರುಗಳಿಗೆ ಜನಾಂಗಕ್ಕೊಂದು ಅಕ್ಷರಪಟ್ಟಿ ಇಟ್ಟುಕೊಳ್ಳಿ. ಜಡಿಯರಿಗೆ ಮಹಾಪ್ರಾಣವಿಲ್ಲ, ಪದ ಮುಗಿಯುವುದು ಸ್ವರದಲ್ಲೇ. ಕೆರೆಯರಿಗೆ ಟ, ಡ, ಣ, ಳ ಇಲ್ಲ. ಹದಿನಾಲ್ಕು ವ್ಯಂಜನ ಮೀರಬೇಡಿ. ಎಲ್ಲರಿಗೂ ‘ವಜ್ರಧ್ವಜ’ದಂಥ ಹೆಸರಿಟ್ಟರೆ ಮೂರು ಜನಾಂಗವೂ ಒಂದೇ ನಾಟಕ ಕಂಪನಿಯಿಂದ ಬಂದಂತೆ ಕಾಣುತ್ತದೆ.

ಒಂದು ಎಚ್ಚರಿಕೆ. ನಮ್ಮೂರಿನ ನಿಜವಾದ ಸಮುದಾಯದ ಆಚರಣೆಯನ್ನು ಎತ್ತಿ ‘ಕಾಡು ಜನಾಂಗ’ಕ್ಕೆ ತೊಡಿಸಬೇಡಿ, ಓದುವವರಿಗೆ ಗುರುತು ಸಿಗುತ್ತದೆ, ಸಿಟ್ಟು ಬರುವುದೂ ನ್ಯಾಯವೇ. ಮಲೆನಾಡಿನ ದೀವರು ಗೋಡೆಗೆ ಬರೆಯುವ ಹಸೆ ಚಿತ್ತಾರದಲ್ಲಿ ಬಿಳಿ ಅಕ್ಕಿಹಿಟ್ಟಿನಿಂದ, ಕೆಂಪು ಕೆಮ್ಮಣ್ಣಿನಿಂದ, ಕಪ್ಪು ಹುರಿದು ಕರಿಮಾಡಿದ ಅಕ್ಕಿಯಿಂದ ಬರುತ್ತದೆ. ಬಳಿಯುವುದು ಪುಂಡಿ ನಾರಿನ ಕುಂಚದಿಂದ. ನಾನು ತೆಗೆದುಕೊಳ್ಳುವುದು ಚಿತ್ತಾರವನ್ನಲ್ಲ, ‘ಬಣ್ಣ ಹಿತ್ತಲಲ್ಲೇ ಸಿಗಬೇಕು’ ಎಂಬ ತರ್ಕವನ್ನು. ಅಳಿವೆಯವರ ಹಿತ್ತಲಲ್ಲಿ ಚಿಪ್ಪು ಸುಟ್ಟ ಸುಣ್ಣವಿದೆ, ಅವರ ಗೋಡೆ ಬರೀ ಬಿಳಿ.

ಎಲ್ಲ ಆದಮೇಲೆ ಪರೀಕ್ಷೆ: ಪ್ರತಿ ಜನಾಂಗಕ್ಕೂ ಒಂದು ಸಾವಿನ ಮನೆ, ಒಂದು ಸಂತೆಯ ಚೌಕಾಸಿ, ಒಂದು ಅಣ್ಣತಮ್ಮಂದಿರ ಜಗಳ, ತಲಾ ಅರ್ಧ ಪುಟ. ಜಗಳದಲ್ಲಿ ಇಬ್ಬರೂ ಒಂದೇ ರೀತಿ ಯೋಚಿಸಿದರೆ ಜನಾಂಗ ಇನ್ನೂ ಹಸಿ. ಜಡಿಯರಲ್ಲೂ ಉಪ್ಪು ಬೇಡವೆನ್ನುವ ಪಂಥವೊಂದು, ಘಟ್ಟ ಇಳಿದು ವಾಪಸು ಬಾರದವರ ಗುಂಪೊಂದು ಇರಬೇಕು. ಇಷ್ಟಾದ ಮೇಲೆ ಬೇಕಿದ್ದರೆ ಕೋಡು ಹಚ್ಚಿ. ಆದರೆ ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಅದರ ಮೇಲೆ ಹೇಗೆ ಕೂರುತ್ತದೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ.